ನನ್ನ ಆಯ್ಕೆ ಮಾಧವ ಗಾಡ್ಗೀಳ್, ಕಾರಣ ಒಂದು ಬಿದಿರುಮೆಳೆ

ನಮ್ಮ ಕಾಲದ ಚಿಂತಕರಲ್ಲಿ ಅಚ್ಚುಮೆಚ್ಚಿನವರು ಯಾರು, ಒಬ್ಬರನ್ನೇ ಆರಿಸಿ, ಯಾಕೆ ಅಂತಲೂ ಹೇಳಿ ಎಂದು ಕೇಳಿದ್ದೀರಿ. ನಾನು ಶಿರಸಿ ತಾಲ್ಲೂಕಿನವನು, ಅಡಿಕೆ ತೋಟದ ಮನೆ. ನನ್ನ ಉತ್ತರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್. ಇದಕ್ಕೆ ನಾನು ಹೆಚ್ಚು ಯೋಚನೆ ಮಾಡಬೇಕಾಗಲಿಲ್ಲ.

2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಅದೇ ತಿಂಗಳ ಕೊನೆಗೆ ವಯನಾಡಿನಲ್ಲೂ ಕುಸಿಯಿತು. ಆಗ ಎಲ್ಲರ ಫೋನಿನಲ್ಲೂ ಗಾಡ್ಗೀಳರ ಫೋಟೊ, ಕೆಳಗೆ 'ಇವರು ಆವತ್ತೇ ಹೇಳಿದ್ದರು' ಅನ್ನುವ ಸಾಲು. ಪಶ್ಚಿಮ ಘಟ್ಟವನ್ನು ಹಾಳು ಮಾಡಿದರೆ ಅಪಾಯ ಅಂತ ಅವರು ಮೊದಲೇ ಎಚ್ಚರಿಸಿದ್ದರು. ಶಿರೂರಿನ ಆ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿದವರು ನಮ್ಮ ಮನೆಯಲ್ಲೇ ಇದ್ದೇವೆ. ಸುದ್ದಿ ಕೇಳಿ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ಅವರ ಮಾತು ನಿಜವಾಯಿತು ಅನ್ನುವ ಕಾರಣಕ್ಕೆ ನಾನು ಅವರನ್ನು ಮೆಚ್ಚಿದ್ದಲ್ಲ. ಗುಡ್ಡ ಕುಸಿದಾಗ ಮಾತ್ರ ಅವರನ್ನು ನೆನೆಯುವುದು ನನಗೆ ಬೇಜಾರು ತರುತ್ತದೆ. ಅವರು ಒಂದು ವಿಷಯವನ್ನು ತಿಳಿದುಕೊಳ್ಳುತ್ತಿದ್ದ ರೀತಿ ಇದೆಯಲ್ಲ, ನನಗೆ ಹಿಡಿಸಿದ್ದು ಅದು.

ಅದಕ್ಕೆ ನಮ್ಮ ಜಿಲ್ಲೆಯದೇ ಕತೆ ಇದೆ. ಪುಣೆಯ ಗಾಡ್ಗೀಳ್ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿ, ವಾಪಸ್ ಬಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದರು. 1975ರಲ್ಲಿ ರಾಜ್ಯ ಸರ್ಕಾರ ಅವರಿಗೆ ಒಂದು ಕೆಲಸ ಒಪ್ಪಿಸಿತು: ಉತ್ತರ ಕನ್ನಡದ ಬಿದಿರು ಯಾಕೆ ಮುಗಿಯುತ್ತಿದೆ ಅಂತ ನೋಡಿ ಹೇಳಬೇಕು. ದಾಂಡೇಲಿಯ ಕಾಗದದ ಕಾರ್ಖಾನೆಗೆ ನಮ್ಮ ಕಾಡಿನ ಬಿದಿರು ಹೋಗುತ್ತಿತ್ತು. ಶುರುವಿನಲ್ಲಿ ಅದಕ್ಕೆ ಇಟ್ಟಿದ್ದ ದರ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆದು ಬದುಕುವವರು ಮಾತ್ರ ಪೇಟೆಯ ಬೆಲೆ ಕೊಟ್ಟೇ ಬಿದಿರು ತರಬೇಕಿತ್ತು, ಆಮೇಲಾಮೇಲೆ ದುಡ್ಡು ಕೊಟ್ಟರೂ ಬಿದಿರು ಸಿಗದಂತಾಯಿತು. ಅವರು ಗಲಾಟೆ ಮಾಡಿದ ಮೇಲೆಯೇ ಈ ಅಧ್ಯಯನ ಆಗಿದ್ದು.

ಬಿದಿರುಮೆಳೆ ನೋಡಿದವರಿಗೆ ಗೊತ್ತು, ಬುಡದಲ್ಲಿ ಮುಳ್ಳು ಹೆಣೆದುಕೊಂಡಿರುತ್ತದೆ. ಕೈ ಹಾಕಲು ಆಗುವುದಿಲ್ಲ. ಆ ಮುಳ್ಳನ್ನು ಕಡಿದು ಸ್ವಚ್ಛ ಮಾಡಿದರೆ ಹೊಸ ಬಿದಿರು ಚೆನ್ನಾಗಿ ಮೇಲೇಳುತ್ತದೆ ಅಂತ ಅರಣ್ಯದ ತಜ್ಞರು ನಂಬಿದ್ದರು. ಹಾಗೇ ಸವರಿಸುತ್ತಲೂ ಇದ್ದರು. ಗಾಡ್ಗೀಳ್ ಊರಿನವರ ಹತ್ತಿರ ಮಾತಾಡಿದಾಗ ಅವರು ಹೇಳಿದ್ದು ಪೂರ್ತಿ ಉಲ್ಟಾ. ಮುಳ್ಳು ಇದ್ದರೇ ಕಳಲೆ, ಅಂದರೆ ಬಿದಿರಿನ ಮೊಳಕೆ, ಉಳಿಯುವುದು, ಅದನ್ನು ತೆಗೆದರೆ ದನವೂ ಕಾಡುಪ್ರಾಣಿಗಳೂ ಎಳೆ ಕಳಲೆಯನ್ನು ತಿಂದು ಮುಗಿಸುತ್ತವೆ ಅಂತ.

ಊರವರು ಹೇಳಿದರು ಅಂತ ಗಾಡ್ಗೀಳ್ ಸುಮ್ನೆ ಬರೆದುಕೊಂಡು ಹೋಗಬಹುದಿತ್ತು. ಅಥವಾ, ಓದದವರ ಮಾತು ಅಂತ ಬಿಟ್ಟುಬಿಡಬಹುದಿತ್ತು. ಎರಡನ್ನೂ ಮಾಡಲಿಲ್ಲ. ಕಾಡಿನಲ್ಲೇ ಪ್ರಯೋಗ ಮಾಡಿದರು. ಮುಳ್ಳು ಸವರಿದ ಮೆಳೆ, ಸವರದ ಮೆಳೆ ಎರಡನ್ನೂ ಹೋಲಿಸಿ ನೋಡಿದರು. ಊರವರ ಮಾತೇ ಸರಿ ಅಂತ ಆಯಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾಗಿದ್ದು ನಮ್ಮಜ್ಜಿ. ಮಳೆಗಾಲದಲ್ಲಿ ಕಳಲೆ ತಂದರೆ ಸಣ್ಣಗೆ ಹೆಚ್ಚಿ, ನೀರಿನಲ್ಲಿ ಹಾಕಿಟ್ಟು, ದಿನವೂ ನೀರು ಬದಲಿಸಿ ಆಮೇಲೆ ಪಲ್ಯ ಮಾಡುತ್ತಿದ್ದರು. ಒಂದೇ ಮೆಳೆಯಿಂದ ಎಲ್ಲಾ ಕಳಲೆ ಮುರಿದು ತಂದರೆ ಬೈಸಿಕೊಳ್ಳಬೇಕಿತ್ತು. ಅವರಿಗೆ ಗೊತ್ತಿದ್ದದ್ದನ್ನು ಯಾರೂ ಯಾವತ್ತೂ ಕೇಳಲಿಲ್ಲ. ಕೇಳುವವರೊಬ್ಬರು ಇದ್ದರಲ್ಲ ಅಂತ ನನಗೆ ತುಂಬಾ ಸಮಾಧಾನವಾಯಿತು.

ಬೇಡ್ತಿ ಯೋಜನೆಯ ಕತೆ ನಿಮಗೆ ಗೊತ್ತಿರಬಹುದು. 1981ರ ಜನವರಿಯಲ್ಲಿ ಶಿರಸಿಯ ತೋಟಗಾರ್ಸ್ ಸೊಸೈಟಿ, ಅಂದರೆ ಅಡಿಕೆ ಬೆಳೆಗಾರರ ಸಂಘ, ವಿಜ್ಞಾನಿಗಳನ್ನು ಕರೆಸಿ ಆ ಜಲವಿದ್ಯುತ್ ಯೋಜನೆಯ ಲಾಭನಷ್ಟದ ಲೆಕ್ಕ ಹಾಕಿಸಿತು. ಆಮೇಲೆ ಯೋಜನೆ ನಿಂತಿತು. ಆ ಲೆಕ್ಕಾಚಾರದಲ್ಲಿ ಗಾಡ್ಗೀಳರ ಪಾಲೂ ಇತ್ತು. ಇದನ್ನು ಶಿರಸಿಯಲ್ಲಿ ಯಾರನ್ನು ಕೇಳಿದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಇನ್ನು ಪಶ್ಚಿಮ ಘಟ್ಟದ ವರದಿ. ಘಟ್ಟದ ಯಾವ ಜಾಗ ಎಷ್ಟು ಸೂಕ್ಷ್ಮ ಅಂತ ನೋಡಿ ವಲಯಗಳನ್ನು ಗುರುತಿಸಲು 2010ರಲ್ಲಿ ಕೇಂದ್ರ ಸರ್ಕಾರ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು, 2011ರ ಆಗಸ್ಟ್‌ನಲ್ಲಿ ವರದಿ ಕೈಸೇರಿತು. ಆದರೆ ಅದು ಜನರ ಕಣ್ಣಿಗೆ ಬಿದ್ದಿದ್ದು 2012ರ ಮೇನಲ್ಲಿ, ಅದೂ ಮಾಹಿತಿ ಹಕ್ಕಿನಡಿ ಕೇಳಿ ಕೋರ್ಟಿನ ತನಕ ಹೋದ ಮೇಲೆ. ಅಷ್ಟರಲ್ಲಿ ನಮ್ಮ ಕಡೆ ಸುದ್ದಿ ಹಬ್ಬಿತ್ತು. ತೋಟ ಹೋಗುತ್ತದೆ, ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ ಹೋಗುತ್ತದೆ, ಮನೆಗೆ ಹಂಚು ಹೊದೆಸಲೂ ಪರ್ಮಿಶನ್ ಬೇಕು ಅಂತ. ನಮ್ಮ ಅಪ್ಪಯ್ಯನೂ ಸಿಟ್ಟಾಗಿದ್ದರು. ಸೊಪ್ಪಿನ ಬೆಟ್ಟ ಇಲ್ಲದೆ ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು? ಅವರ ಭಯ ಸುಳ್ಳಲ್ಲ.

ಒಂದು ಭಾನುವಾರ ವರದಿಯನ್ನು ಇಟ್ಟುಕೊಂಡು ಅವರ ಪಕ್ಕ ಕೂತೆ. ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ವಲಯಗಳು ಇನ್ನೂ ಪಕ್ಕಾ ಅಲ್ಲ, ಇದನ್ನು ಸ್ಥಳೀಯ ಭಾಷೆಗಳಿಗೆ ಅನುವಾದ ಮಾಡಿ ಗ್ರಾಮಸಭೆಗಳ ಮುಂದೆ ಇಡಬೇಕು, ಗಡಿ ಎಲ್ಲಿ, ನಿಯಮ ಏನು ಅಂತ ಅಲ್ಲಿ ಚರ್ಚೆ ಆಗಿ ಕೊನೆಯ ತೀರ್ಮಾನ ಆಗಬೇಕು ಅನ್ನುವ ಭಾಗ ಬಂತು. ಅಪ್ಪಯ್ಯ ಎಲೆಅಡಿಕೆಯ ಕವಳದ ತಟ್ಟೆ ಬದಿಗಿಟ್ಟರು. 'ಹಂಗಾರೆ ಮೊದ್ಲು ನಮ್ಮನ್ನ ಕೇಳವು ಹೇಳೇ ಬರದ್ದು, ಅಲ್ದಾ?' ಅಂದರು. ಹೌದು ಅಂದೆ. 'ಮತ್ತೆಂತಕ್ಕೆ ಕೇಳಿದ್ವಿಲ್ಲೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮೂರಿನ ಸಭೆಗೆ ಆ ವರದಿ ಕನ್ನಡದಲ್ಲಿ ಯಾವತ್ತೂ ಬರಲಿಲ್ಲ. ನಮಗೆ ತಲುಪಿದ್ದು ಅದರ ಬಗ್ಗೆ ಬೇರೆಯವರು ಹೇಳಿದ ಮಾತು ಮಾತ್ರ.

ಎಲ್ಲವನ್ನೂ ನಾನು ಒಪ್ಪುತ್ತೇನೆ ಅಂತಲ್ಲ. 142 ತಾಲ್ಲೂಕುಗಳನ್ನು ಇಡಿಯಾಗಿ ಒಂದೊಂದು ದರ್ಜೆಯ ಸೂಕ್ಷ್ಮ ವಲಯಕ್ಕೆ ಹಾಕಿದ್ದು ಸರಿಯಾಗಲಿಲ್ಲ ಅಂತ ನನಗೆ ಅನ್ನಿಸುತ್ತದೆ. ನಮ್ಮ ತಾಲ್ಲೂಕನ್ನೇ ತಗೊಳ್ಳಿ, ಪಶ್ಚಿಮಕ್ಕೆ ಘಟ್ಟದ ಅಂಚು, ಪೂರ್ವಕ್ಕೆ ಬನವಾಸಿಯ ಬಯಲು. ಎರಡಕ್ಕೂ ಒಂದೇ ಅಳತೆ ಹೇಗೆ? ಅದು ಮೊದಲ ಕರಡು ಅಂತ ಬರೆದಿದ್ದರೂ ಓದಿದವರಿಗೆ ಹಾಗೆ ಕಾಣಲಿಲ್ಲ. ಬಿದಿರಿನ ವಿಷಯದಲ್ಲಿ ಇದ್ದಷ್ಟು ಸಮಯ, ಊರೂರು ತಿರುಗುವ ಅವಕಾಶ ಆ ಸಮಿತಿಗೆ ಇರಲಿಲ್ಲವಲ್ಲ ಅಂತ ನನ್ನ ಸಂಕಟ.

ನೀವು ಯಾವ ಊರಿನವರೋ ಗೊತ್ತಿಲ್ಲ. ಅವರು ಒತ್ತಾಯ ಮಾಡಿ ಬೆಳೆಸಿದ ಇನ್ನೊಂದು ಕೆಲಸ ನಿಮ್ಮ ಪಂಚಾಯ್ತಿಯಲ್ಲೇ ಇರಬಹುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಮರ, ಮೀನು, ಬೀಜಗಳ ಬಗ್ಗೆ ಊರವರಿಗೆ ಗೊತ್ತಿರುವುದನ್ನು ಅದು ಬರೆದಿಡಬೇಕು. ಅದನ್ನು ಜನತಾ ಜೀವವೈವಿಧ್ಯ ದಾಖಲಾತಿ ಅನ್ನುತ್ತಾರೆ. ಹೋಗಿ ತೋರಿಸಿ ಅಂತ ಕೇಳಿ. ಅದರಲ್ಲಿ ನಿಮ್ಮ ಅಜ್ಜಿಗೆ ಗೊತ್ತಿರುವುದು ಬಿಟ್ಟುಹೋಗಿದ್ದರೆ, ಅವರನ್ನೇ ಕರೆದುಕೊಂಡು ಹೋಗಿ ಬರೆಸಿ.