ಊರಿನ ಸರ್ಕಾರಿ ಗ್ರಂಥಾಲಯಕ್ಕೆ ಹಳೆಯ ಪುಸ್ತಕ ಕೊಟ್ಟರೆ ಸಾಕೇ? ಬೇರೆ ಹೇಗೆ ನೆರವಾಗಬಹುದು?

ತಾವು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು, ಸ್ವಂತ ಊರಾದ ತಾಲ್ಲೂಕು ಪಟ್ಟಣದ ಗ್ರಂಥಾಲಯಕ್ಕೆ ಮೂರು ಚೀಲ ಹಳೆಯ ಪುಸ್ತಕಗಳನ್ನು ಕೊಡಬೇಕೆಂದಿರುವುದಾಗಿ ತಿಳಿಸಿ, ಅದರಿಂದ ಪ್ರಯೋಜನವಾದೀತೇ, ಬೇರೆ ಏನಾದರೂ ಮಾಡಬಹುದೇ ಎಂದು ಕೇಳಿದ್ದೀರಿ. ನಾನು ಗ್ರಂಥಾಲಯದ ಸಿಬ್ಬಂದಿಯಲ್ಲ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಶಾಖಾ ಗ್ರಂಥಾಲಯದ ಹಳೆಯ ಸದಸ್ಯ, ಅಲ್ಲಿನ ಓದುಗರ ಬಳಗದೊಂದಿಗೆ ಕೈಲಾದ ಕೆಲಸ ಮಾಡುತ್ತಾ ಬಂದವನು. ನಾನು ಕಂಡಂತೆ ಇಂತಹ ಗ್ರಂಥಾಲಯಗಳಿಗೆ ಪುಸ್ತಕದ ಕೊರತೆಗಿಂತ ಹೆಚ್ಚಾಗಿ ಇರುವುದು ಊರಿನವರ ಗಮನದ ಕೊರತೆ. ಒಳಗೆ ಏನಿದೆ ಎಂಬುದು ಊರಿಗೆ ಗೊತ್ತಿಲ್ಲ, ಗ್ರಂಥಾಲಯಕ್ಕೆ ಸಲ್ಲಬೇಕಾದದ್ದನ್ನು ಕೇಳುವವರೂ ಇಲ್ಲ.

ಮೊದಲು ಪುಸ್ತಕಗಳ ವಿಷಯ. ಸರ್ಕಾರಿ ಗ್ರಂಥಾಲಯದ ಕಪಾಟಿಗೆ ಸೇರುವ ಪ್ರತಿಯೊಂದು ಪುಸ್ತಕವೂ ದಾಖಲೆ ವಹಿಯಲ್ಲಿ ಕ್ರಮಸಂಖ್ಯೆ ಪಡೆದು, ಮೊಹರು ಒತ್ತಿಸಿಕೊಂಡು, ವರ್ಗೀಕರಣ ಸಂಖ್ಯೆಯ ಚೀಟಿ ಅಂಟಿಸಿಕೊಂಡ ಮೇಲೆಯೇ ಓದುಗರ ಕೈಗೆ ಹೋಗಬೇಕು. ಮುಂದೆ ಅದು ಕಾಣೆಯಾದರೆ ದಾಸ್ತಾನು ಪರಿಶೀಲನೆಯ ವೇಳೆ ಉತ್ತರ ಹೇಳಬೇಕಾದವರು ಗ್ರಂಥಪಾಲಕರೇ. ಬಾಗಿಲು ತೆಗೆಯುವುದರಿಂದ ಹಿಡಿದು ಲೆಕ್ಕ ಬರೆಯುವವರೆಗೆ ಎಲ್ಲವನ್ನೂ ಒಬ್ಬರೇ ಮಾಡುವ ಕಡೆ ದಾನವಾಗಿ ಬಂದ ಚೀಲಗಳು ಬಿಚ್ಚದೆ ಮೂಲೆಯಲ್ಲಿ ಉಳಿಯುವುದಕ್ಕೂ, ಒಳ್ಳೆಯ ಪುಸ್ತಕಗಳಿರುವ ಕಪಾಟಿಗೆ ಬೀಗ ಬೀಳುವುದಕ್ಕೂ ಇದೇ ಕಾರಣ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯ ಶಾಸ್ತ್ರದ ಮೊದಲ ಸೂತ್ರವನ್ನಾಗಿ ಮಾಡಿದರು, ನಿಜ. ಆದರೆ ಕಳೆದ ಪುಸ್ತಕದ ಲೆಕ್ಕ ತನ್ನ ತಲೆಗೇ ಬರುತ್ತದೆಂದು ತಿಳಿದಿರುವ ನೌಕರ ಬೀಗ ಹಾಕಿದರೆ ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಕೊಡುವವರ ಕಡೆಯೂ ತಪ್ಪಿದೆ. ನಮ್ಮಲ್ಲಿಗೆ ಬಂದ ಒಂದು ಗೋಣಿಚೀಲದಲ್ಲಿ ಇದ್ದದ್ದು ಪಠ್ಯಕ್ರಮ ಬದಲಾಗಿ ಕೆಲಸಕ್ಕೆ ಬಾರದ ಪಿಯುಸಿ ಗೈಡುಗಳು, ಅರ್ಧ ಬರೆದ ಡೈರಿಗಳು ಮತ್ತು ಯಾರದೋ ಗೃಹಪ್ರವೇಶದ ಆಮಂತ್ರಣ ಪತ್ರಿಕೆಗಳ ಕಟ್ಟು. ಅದರ ತಳದಲ್ಲಿ ಗೆದ್ದಲೂ ಇತ್ತು. ಮಳೆಗಾಲದ ಮಲೆನಾಡಿನಲ್ಲಿ ಅದು ಒಂದೇ ಚೀಲಕ್ಕೆ ನಿಲ್ಲುವುದಿಲ್ಲ. ಆದುದರಿಂದ ಶೀರ್ಷಿಕೆಗಳ ಪಟ್ಟಿಯನ್ನು ಮೊದಲು ಗ್ರಂಥಪಾಲಕರಿಗೆ ಕಳುಹಿಸಿ, ಅವರು ಗುರುತು ಹಾಕಿದವುಗಳನ್ನು ಮಾತ್ರ ತೆಗೆದುಕೊಂಡು ಹೋಗಿ. ರಜೆಯಲ್ಲಿ ಊರಿಗೆ ಹೋದಾಗ ಅವರ ಪಕ್ಕದಲ್ಲಿ ಕುಳಿತು ಚೀಟಿ ಅಂಟಿಸಿಕೊಡುವುದಾದರೆ ಅದು ಪುಸ್ತಕಗಳಿಗಿಂತ ದೊಡ್ಡ ಕೊಡುಗೆ.

ಇನ್ನು ಸಣ್ಣ ಊರಿನ ಗ್ರಂಥಾಲಯದ ಜೀವ ಇರುವುದು ಪತ್ರಿಕೆಗಳ ಕೋಣೆಯಲ್ಲಿ. ನಮ್ಮಲ್ಲಿ ಬಾಗಿಲು ತೆರೆಯುವ ಮೊದಲೇ ನಾಲ್ಕಾರು ಹಿರಿಯರು ಮೆಟ್ಟಿಲ ಮೇಲೆ ಕುಳಿತಿರುತ್ತಾರೆ. ಒಳಗೆ ಹೋದೊಡನೆ ಒಂದೇ ಪತ್ರಿಕೆ ಬಿಡಿಬಿಡಿ ಹಾಳೆಗಳಾಗಿ ಹಂಚಿಹೋಗುತ್ತದೆ. ಸಂಪಾದಕೀಯಕ್ಕೆ ಅಷ್ಟೇನೂ ಪೈಪೋಟಿ ಇಲ್ಲ, ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆ ಧಾರಣೆ ಅಚ್ಚಾಗಿರುವ ಪುಟಕ್ಕೆ ಮಾತ್ರ ಸರದಿ ಕಾಯಬೇಕು. ಹತ್ತು ಗಂಟೆಯ ನಂತರ ಎಫ್‌ಡಿಎ, ಪಿಡಿಒ, ಪೊಲೀಸ್ ನೇಮಕಾತಿ ಪರೀಕ್ಷೆಗಳಿಗೆ ಓದುವ ಯುವಕ ಯುವತಿಯರು ಬಂದು ಸಂಜೆಯವರೆಗೆ ಕದಲುವುದಿಲ್ಲ. ಅವರಲ್ಲಿ ಅನೇಕರ ಮನೆಯಲ್ಲಿ ಓದಲು ಪ್ರತ್ಯೇಕ ಜಾಗವಿಲ್ಲ. ಗೋಡೆಯ ಫ್ಯಾನು, ಓದುವ ಮೇಜಿನ ಮೇಲೊಂದು ಟ್ಯೂಬ್‌ಲೈಟು, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಬಳಸಲು ಯೋಗ್ಯವಾದ ಶೌಚಾಲಯ, ಇವುಗಳಲ್ಲಿ ಒಂದನ್ನು ಸರಿಪಡಿಸಿಕೊಟ್ಟರೂ ಹಾಜರಿ ಹೆಚ್ಚುತ್ತದೆ.

ಈ ಕೋಣೆಗೆ ಹಣ ಹಾಕಲು ಸುಲಭವಾದ ದಾರಿಯೂ ಇದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಮಾಸಪತ್ರಿಕೆಯೊಂದಕ್ಕೋ ದಿನಪತ್ರಿಕೆಯೊಂದಕ್ಕೋ ಊರಿನ ಏಜೆಂಟರ ಬಳಿ ನಿಮ್ಮ ಹೆಸರಿನಲ್ಲಿಯೇ ವರ್ಷದ ಚಂದಾ ಕಟ್ಟಿ, ಪ್ರತಿಯನ್ನು ಗ್ರಂಥಾಲಯಕ್ಕೆ ಹಾಕುವಂತೆ ಹೇಳಬಹುದು. ಹಣ ಕಚೇರಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಗ್ರಂಥಪಾಲಕರಿಗೆ ರಸೀದಿಯ ತಾಪತ್ರಯವೂ ಇರುವುದಿಲ್ಲ.

ನಮ್ಮ ಬಳಗದ ಕೆಲಸಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಸೂಚನಾ ಫಲಕ. ನೇಮಕಾತಿ ಪ್ರಕಟಣೆ, ವಿದ್ಯಾರ್ಥಿವೇತನದ ಅರ್ಜಿ, ಕಣ್ಣಿನ ತಪಾಸಣಾ ಶಿಬಿರ, ಹೊಸದಾಗಿ ಬಂದ ಪುಸ್ತಕಗಳ ಪಟ್ಟಿ, ಇಷ್ಟನ್ನೇ ಅಲ್ಲಿ ಅಂಟಿಸಿ ಕೊನೆಯ ದಿನಾಂಕದ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಯುತ್ತೇವೆ. ದಿನಾಂಕ ಮುಗಿದ ಮರುದಿನವೇ ಆ ಚೀಟಿಯನ್ನು ಕಿತ್ತು ಹಾಕುತ್ತೇವೆ. ಕೀಳುವುದೇ ಮುಖ್ಯ, ಏಕೆಂದರೆ ಹಳಸಿದ ಸೂಚನೆಗಳು ತುಂಬಿದ ಫಲಕವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಅದರ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪಿಗೂ ಹಾಕುತ್ತೇವೆ. ಆ ಗುಂಪಿನಲ್ಲಿ ಶುಭೋದಯ ಸಂದೇಶಗಳಿಗೆ ಅವಕಾಶವಿಲ್ಲ (ಈ ನಿಯಮಕ್ಕಾಗಿ ಕೆಲವು ಹಿರಿಯರು ಮುನಿಸಿಕೊಂಡದ್ದೂ ಉಂಟು). ಪರೀಕ್ಷೆಗೆ ಓದುವ ಹುಡುಗರೇ ಬಿಡುವಿನಲ್ಲಿ ಇತರರಿಗೆ ಸೇವಾ ಸಿಂಧು ಅರ್ಜಿಗೆ ಯಾವ ದಾಖಲೆಗಳು ಬೇಕೆಂದು ಬರೆದುಕೊಡುತ್ತಾರೆ.

ಇಷ್ಟೆಲ್ಲ ದಾನ ಧರ್ಮದ ಮಾತಾಯಿತು. ಇದಕ್ಕಿಂತ ದೊಡ್ಡ ಮೊತ್ತ ಬೇರೆ ಕಡೆ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತವೆ. ಈಗ ಅದು ತೆರಿಗೆಯ ಶೇ 6ರಷ್ಟಿದೆ. ನಿಮ್ಮ ತಂದೆಯವರ ಮನೆಯ ಕಂದಾಯ ರಸೀದಿಯನ್ನು ತೆಗೆದು ನೋಡಿ, ಆರೋಗ್ಯ ಕರ, ಭಿಕ್ಷುಕರ ಕರಗಳ ಸಾಲಿನಲ್ಲಿ ಅದೂ ಇರುತ್ತದೆ. 2,000 ರೂಪಾಯಿ ತೆರಿಗೆ ಕಟ್ಟುವ ಮನೆಯಿಂದ 120 ರೂಪಾಯಿ ಗ್ರಂಥಾಲಯದ ಹೆಸರಿನಲ್ಲಿ ಹೋಗುತ್ತದೆ. ವಸೂಲಾದ ಹಣವನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ವರ್ಗಾಯಿಸುವುದು ಸ್ಥಳೀಯ ಸಂಸ್ಥೆಯ ಹೊಣೆ, ಆದರೆ ರಾಜ್ಯದ ಹಲವೆಡೆ ಈ ಬಾಕಿ ಬೆಳೆಯುತ್ತಲೇ ಇದೆ. ಕಳೆದ ಮೂರು ವರ್ಷಗಳಲ್ಲಿ ಎಷ್ಟು ವಸೂಲಾಯಿತು, ಎಷ್ಟು ವರ್ಗಾವಣೆಯಾಯಿತು ಎಂದು ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಕೊಡಬೇಕು. ಗ್ರಂಥಪಾಲಕರು ನೌಕರರಾದ್ದರಿಂದ ಈ ಪ್ರಶ್ನೆಯನ್ನು ಬಹಿರಂಗವಾಗಿ ಎತ್ತುವುದು ಅವರಿಗೆ ಕಷ್ಟ. ತೆರಿಗೆ ಕಟ್ಟುವ ನೀವು ಎತ್ತಬಹುದು. ಉತ್ತರ ಬಂದ ಮೇಲೆ ವಾರ್ಡಿನ ಸದಸ್ಯರನ್ನು ಕಂಡು, ಅದು ಪುರಸಭೆಯ ಸಭೆಯಲ್ಲಿ ಚರ್ಚೆಗೆ ಬರುವಂತೆ ನೋಡಿಕೊಳ್ಳಿ. ನಾವು ಹಾಗೆ ಮಾಡಿದಾಗ ಬಾಕಿ ಪೂರ್ತಿ ಬರಲಿಲ್ಲ, ಒಂದು ಕಂತು ಬಂತು.

ಚೀಲದಲ್ಲಿ ಮಕ್ಕಳ ಪುಸ್ತಕಗಳಿದ್ದರೆ ಅವುಗಳನ್ನು ಪಟ್ಟಣದ ಶಾಖೆಯ ಬದಲು ಹತ್ತಿರದ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಹೆಸರಿನ ಅರಿವು ಕೇಂದ್ರಕ್ಕೆ, ಕೊಡುವುದು ಮೇಲು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಅಲ್ಲಿಯ ಮೇಲ್ವಿಚಾರಕರನ್ನು ಶಾಲೆ ಬಿಡುವ ಹೊತ್ತಿಗೆ ಕಂಡು ಮಾತನಾಡಿ. ಆಗ ಮಕ್ಕಳೂ ಅಲ್ಲಿರುತ್ತಾರೆ, ಯಾವ ಪುಸ್ತಕ ಬೇಕೆಂದು ಅವರನ್ನೇ ಕೇಳಬಹುದು.