ಡರ್ಬಿ ದಿನ ಟರ್ಫ್ ಕ್ಲಬ್ಬಿಗೆ ಹೋಗುವ ಮುನ್ನ

ಕುದುರೆ ರೇಸ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದವಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ರೇಸ್‌ಕೋರ್ಸ್ ರಸ್ತೆಯಲ್ಲಿ ಓಡಾಡಿದ್ದೇ ಬಂತು, ಒಳಗೆ ಕಾಲಿಟ್ಟಿಲ್ಲ. ವರ್ಷಕ್ಕೆ ಒಂದೆರಡು ದಿನ ಮಾತ್ರ ಹೋಗುವವರು ಯಾವ ರೇಸ್ ನೋಡಬೇಕು?
— ಓದುಗರು, ರಾಜಾಜಿನಗರ

ಬೆಂಗಳೂರಿನಲ್ಲಿ ಎರಡು ಸೀಸನ್. ಬೇಸಿಗೆಯದ್ದು ಮೇ ತಿಂಗಳಲ್ಲಿ ಹಿಡಿದು ಆಗಸ್ಟ್ ಆರಂಭದ ತನಕ. ಚಳಿಗಾಲದ್ದು ನವೆಂಬರಿನಲ್ಲಿ ಶುರುವಾಗಿ ಹೊಸ ವರ್ಷ ದಾಟಿ ನಡೆಯುತ್ತದೆ. ಒಂದೇ ದಿನ ಬಿಡುವು ಅಂದರೆ ಸೀಸನ್ನಿನ ದೊಡ್ಡ ಓಟವಾದ ಜುಲೈನ ಬೇಸಿಗೆ ಡರ್ಬಿಗೆ ಹೋಗಿ. ಇನ್ನೊಂದು ದಿನ ಸಿಕ್ಕಿದರೆ ಜನವರಿಯ ಚಳಿಗಾಲದ ಡರ್ಬಿ. ಲೈಸೆನ್ಸ್ ವಿಚಾರ ಕೋರ್ಟ್ ಮೆಟ್ಟಿಲೇರಿ ದಿನಾಂಕಗಳು ಏರುಪೇರಾದ ವರ್ಷಗಳೂ ಇವೆ. ಹಾಗಾಗಿ ಆಯಾ ಸೀಸನ್ನಿನ ವೇಳಾಪಟ್ಟಿ ನೋಡಿಯೇ ಹೊರಡಿ.

ಊರು ದಾಟುವ ಮನಸ್ಸಿದ್ದರೆ ಮೈಸೂರು ಹತ್ತಿರ. ಅಲ್ಲಿನ ಡರ್ಬಿ ಸಾಮಾನ್ಯವಾಗಿ ದಸರಾ ಆಸುಪಾಸಿನಲ್ಲಿ, ಚಾಮುಂಡಿ ಬೆಟ್ಟ ಎದುರಿಗಿರುವ ಕೋರ್ಸಿನಲ್ಲಿ ನಡೆಯುತ್ತದೆ. ಹೈದರಾಬಾದಿನ ಮಲಕ್‌ಪೇಟೆಯಲ್ಲಿ ಡೆಕ್ಕನ್ ಡರ್ಬಿಗೆ ವಾಡಿಕೆಯ ದಿನ ಅಕ್ಟೋಬರ್ 2. ಇವೆಲ್ಲಕ್ಕೂ ದೊಡ್ಡದು ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ: ಫೆಬ್ರವರಿಯ ಮೊದಲ ಭಾನುವಾರ, 2400 ಮೀಟರ್, ನಾಲ್ಕು ವರ್ಷದ ಕುದುರೆಗಳಿಗೆ ಮಾತ್ರ. 1943ರ ಮೊದಲ ಓಟವನ್ನು ಗೆದ್ದದ್ದು ಪ್ರಿನ್ಸೆಸ್ ಬ್ಯೂಟಿಫುಲ್ ಎಂಬ ಹೆಣ್ಣು ಕುದುರೆ. ಅದಕ್ಕಾಗಿ ಮುಂಬೈ ರೈಲು ಹತ್ತಲೇಬೇಕೆಂದಿಲ್ಲ. ಹೊರಊರಿನ ರೇಸನ್ನು ಇಲ್ಲಿಯೇ ಪರದೆಯಲ್ಲಿ ನೋಡಿ ಟೋಟ್‌ನಲ್ಲಿ, ಅಂದರೆ ಕ್ಲಬ್ಬೇ ನಡೆಸುವ ಬಾಜಿ ಕೌಂಟರಿನಲ್ಲಿ, ಆಡುವ ಇಂಟರ್‌ವೆನ್ಯೂ ವ್ಯವಸ್ಥೆ ಇದೆ.

ಕಣ್ಣಿಡಬೇಕಾದ ಇನ್ನೊಂದು ಇಂಡಿಯನ್ ಟರ್ಫ್ ಇನ್ವಿಟೇಶನ್ ಕಪ್. 1963ರಿಂದ ನಡೆದುಬಂದಿರುವ ಇದು ಸರದಿಯ ಮೇಲೆ ಊರೂರು ಸುತ್ತುತ್ತದೆ. ಬೆಂಗಳೂರಿನ ಸರದಿ ಬಂದ ವರ್ಷ ಡರ್ಬಿಯನ್ನಾದರೂ ಬಿಡಿ, ಇದನ್ನು ಬಿಡಬೇಡಿ. 1200 ಮೀಟರಿನ ಸ್ಪ್ರಿಂಟರ್ಸ್, 1600ರ ಸೂಪರ್ ಮೈಲ್, 3000ದ ಸ್ಟೇಯರ್ಸ್, 2400ರ ಕಪ್, ಎಲ್ಲಕ್ಕೂ ದೇಶದ ಒಳ್ಳೆಯ ಕುದುರೆಗಳು ಒಂದೇ ವಾರಾಂತ್ಯದಲ್ಲಿ ಬಂದಿಳಿಯುತ್ತವೆ.

ಟೋಟ್ ಕೌಂಟರಿನಲ್ಲಿ ಏನು ಹೇಳಬೇಕು? ಹಿಂದೆ ನಿಂತವರು ಗಡಿಬಿಡಿ ಮಾಡುತ್ತಾರೆ, ಬಾಯಿ ತಡವರಿಸುತ್ತದೆ.
— ಓದುಗರು, ಹನುಮಂತನಗರ

ಇದೇ ಕ್ರಮದಲ್ಲಿ ಹೇಳಿ: ಊರು, ಎಷ್ಟನೇ ರೇಸ್, ಯಾವ ಆಟ, ಕುದುರೆ ನಂಬರ್, ಎಷ್ಟು ರೂಪಾಯಿ. "ಬೆಂಗಳೂರು, ನಾಲ್ಕನೇ ರೇಸ್, ವಿನ್, ಏಳು, ನೂರು ರೂಪಾಯಿ." ಅಷ್ಟೇ. ಕುದುರೆಯ ಹೆಸರು ಹೇಳುತ್ತ ನಿಂತರೆ ಕೌಂಟರಿನವರಿಗೂ ಕಷ್ಟ.

ಹೊಸಬರು ಎಡವುವುದು ನಂಬರಿನಲ್ಲಿ. ರೇಸ್ ಕಾರ್ಡಿನಲ್ಲಿ ಪ್ರತಿ ಕುದುರೆಗೆ ಎರಡು ನಂಬರ್ ಇರುತ್ತದೆ. ಎಡಗಡೆಯ ಕ್ರಮಸಂಖ್ಯೆಯೇ ಕುದುರೆಯ ನಂಬರ್, ಜೀನಿನ ಕೆಳಗಿನ ಬಟ್ಟೆಯ ಮೇಲೂ ಅದೇ ಇರುತ್ತದೆ. ಇನ್ನೊಂದು ಡ್ರಾ, ಅಂದರೆ ಕುದುರೆ ಹೊರಡುವ ಗೇಟಿನ ನಂಬರ್. ಡ್ರಾ ನೋಡಿ ಟಿಕೆಟ್ ಕೇಳಿದರೆ ಯಾವುದೋ ಕುದುರೆಗೆ ದುಡ್ಡು ಹೋಗುತ್ತದೆ. ಕೌಂಟರ್ ಬಿಡುವ ಮೊದಲು ಟಿಕೆಟ್ ಮೇಲಿನ ರೇಸ್, ಆಟ, ನಂಬರ್ ಮೂರನ್ನೂ ಓದಿಕೊಳ್ಳಿ.

ವಿನ್ ಅಂದರೆ ಮೊದಲು ಬರಬೇಕು. ಪ್ಲೇಸ್‌ಗೆ ಮೊದಲ ಕೆಲವು ಸ್ಥಾನಗಳಲ್ಲಿ ಒಂದು ಸಾಕು. ಕುದುರೆ ಕಡಿಮೆ ಇದ್ದರೆ ಎರಡೇ ಸ್ಥಾನ, ಎಂಟಾದರೆ ಸಾಮಾನ್ಯವಾಗಿ ಮೂರು. ಎಸ್‌ಎಚ್‌ಪಿ (ಸೆಕೆಂಡ್ ಹಾರ್ಸ್ ಪೂಲ್) ಸ್ವಲ್ಪ ವಿಚಿತ್ರ ಆಟ, ನಿಮ್ಮ ಕುದುರೆ ಸರಿಯಾಗಿ ಎರಡನೆಯದೇ ಆಗಬೇಕು, ಗೆದ್ದರೂ ದುಡ್ಡಿಲ್ಲ! ಫೋರ್‌ಕಾಸ್ಟ್‌ನಲ್ಲಿ ಮೊದಲ ಎರಡನ್ನು ಅದೇ ಕ್ರಮದಲ್ಲಿ ಹೇಳಬೇಕು, ಕ್ವಿನೆಲ್ಲಾದಲ್ಲಿ ಹಿಂದುಮುಂದಾದರೂ ನಡೆಯುತ್ತದೆ. ಮೂರು ಕುದುರೆಗಳನ್ನು ಒಟ್ಟಿಗೆ ಹಾಕಿದರೆ ಕ್ವಿನೆಲ್ಲಾಕ್ಕೆ 3 ಜೋಡಿ, ಫೋರ್‌ಕಾಸ್ಟ್‌ಗೆ 6.

ಜಾಕ್‌ಪಾಟ್ ಐದು ರೇಸುಗಳ ವಿಜೇತರನ್ನು ಹೇಳುವ ಆಟ. ಎರಡು, ಎರಡು, ಮೂರು, ಒಂದು, ಎರಡು ಎಂದು ಕುದುರೆ ಹಾಕಿದರೆ 24 ಜೋಡಣೆ. ಜೋಡಣೆಗೆ ₹10 ಎಂದರೂ ₹240, ಮೇಲೆ ತೆರಿಗೆ. ಮೊದಲ ದಿನವೇ ಇದಕ್ಕೆ ಕೈ ಹಾಕುವ ಅಗತ್ಯ ಇಲ್ಲ.

ಹೆಚ್ಚು ಜನ ದುಡ್ಡು ಕಟ್ಟಿದ ಫೇವರಿಟ್ ಕುದುರೆಗೆ ₹200 ವಿನ್ ಕಟ್ಟಿದೆ, ಗೆದ್ದಿತು. ಬೋರ್ಡಿನಲ್ಲಿ ಡಿವಿಡೆಂಡ್ ₹13 ಎಂದಿತ್ತು. ಮನೆಗೆ ಬಂದು ನೋಡಿದರೆ ಜೇಬಿನಲ್ಲಿ ದುಡ್ಡು ಕಡಿಮೆ! ಮೋಸ ಆಯಿತೇ?
— ಓದುಗರು, ಯಲಹಂಕ

ಮೋಸವಲ್ಲ, ಜಿಎಸ್‌ಟಿ. 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮುಖಬೆಲೆಯ ಮೇಲೆ 28 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ನಿಮ್ಮ ₹200ರ ಟಿಕೆಟ್‌ಗೆ ₹80 ತೆರಿಗೆ ಸೇರಿ ₹280 ಹೋಗಿದೆ. ಡಿವಿಡೆಂಡ್ ಅಂದರೆ ಗೆದ್ದ ಟಿಕೆಟ್‌ಗೆ ಕೊಡುವ ಹಣ, ಅದನ್ನು ಹೇಳುವುದು ₹10ಕ್ಕೆ. ₹13 ಅಂದರೆ ₹200ಕ್ಕೆ ಬಂದದ್ದು ₹260. ಕುದುರೆ ಗೆದ್ದಿತು, ನೀವು ₹20 ಸೋತಿರಿ.

ಈ ಲೆಕ್ಕ ತಲೆಯಲ್ಲಿ ಕೂರದೆ ರೇಸ್ ಆಡಲೇಬಾರದು. ಪ್ರತಿ ₹10ರ ಟಿಕೆಟ್‌ಗೆ ನಿಮ್ಮ ಖರ್ಚು ₹14. ₹14 ಡಿವಿಡೆಂಡ್ ಬಂದರೆ ಅಸಲಿಗೆ ಅಸಲು. ಎರಡು ಸಲಕ್ಕೆ ಒಮ್ಮೆ ಗೆಲ್ಲುವಂಥ ಕುದುರೆ ಎನಿಸಿದರೆ ಬೋರ್ಡಿನಲ್ಲಿ ₹28ಕ್ಕಿಂತ ಹೆಚ್ಚಿರಬೇಕು. ಮೂರಕ್ಕೊಮ್ಮೆ ಎನಿಸಿದರೆ ₹42, ನಾಲ್ಕಕ್ಕೊಮ್ಮೆ ಆದರೆ ₹56. ಅದಕ್ಕಿಂತ ಕೆಳಗಿದ್ದರೆ ಕುದುರೆ ಎಷ್ಟೇ ಚೆನ್ನಾಗಿರಲಿ, ಸುಮ್ಮನೆ ನೋಡಿ ಆನಂದಿಸಿ. ಫೇವರಿಟ್‌ಗೆ ಪ್ಲೇಸ್ ಕಟ್ಟುವುದಂತೂ ಇವತ್ತಿನ ತೆರಿಗೆಯಲ್ಲಿ ಶುದ್ಧ ದಂಡ. ₹11, ₹12 ಬರುವ ಆ ಟಿಕೆಟ್ ಪ್ರತಿ ಸಲ ಗೆದ್ದರೂ ಕೈಯಿಂದ ಹೋಗುತ್ತದೆ. "ಸೇಫ್ ಆಟ" ಎಂದು ಪಕ್ಕದವರು ಹೇಳುವುದು ಹಳೆಯ ಕಾಲದ ಮಾತು.

ಇನ್ನೊಂದು ವಿಷಯ. ಟೋಟ್‌ನಲ್ಲಿ ಎಲ್ಲರ ದುಡ್ಡೂ ಒಂದು ಪೂಲ್‌ಗೆ ಬಿದ್ದು, ಕ್ಲಬ್ಬಿನ ಪಾಲು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಓಟ ಶುರುವಾಗುವ ಕ್ಷಣದವರೆಗೂ ರೇಟ್ ಅಲುಗಾಡುತ್ತದೆ, ದೊಡ್ಡ ದುಡ್ಡು ಬೀಳುವುದೇ ಕೊನೆಯ ನಿಮಿಷಗಳಲ್ಲಿ. ಹದಿನೈದು ನಿಮಿಷ ಮೊದಲು ಕಂಡ ₹45 ನಿಮಗೆ ಸಿಗುವ ರೇಟ್ ಅಲ್ಲ. ಪರವಾನಗಿ ಇರುವ ಬುಕ್ಕಿಯಲ್ಲಾದರೆ ಟಿಕೆಟ್ ತೆಗೆದುಕೊಂಡಾಗಿನ ರೇಟೇ ಖಾಯಂ, ತೆರಿಗೆ ಅಲ್ಲಿಯೂ ತಪ್ಪುವುದಿಲ್ಲ.

ರೇಸ್ ಕಾರ್ಡ್ ನೋಡಿದರೆ ಲಾಗ್ ಟೇಬಲ್ ನೋಡಿದ ಹಾಗಾಗುತ್ತದೆ. ಮುಖ್ಯವಾದದ್ದು ಯಾವುದು?
— ಓದುಗರು, ಮಲ್ಲೇಶ್ವರ

ಮೊದಲು ರೇಟಿಂಗ್ ಮತ್ತು ತೂಕ. ರೇಟಿಂಗ್ ಎಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಟ್ಟ ಅಂಕ. ಅದಕ್ಕೆ ತಕ್ಕ ಭಾರ ಹೊರಿಸುವ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಒಂದು ಅಂಕಕ್ಕೆ ಅರ್ಧ ಕೆ.ಜಿ. 80 ರೇಟಿಂಗಿನ ಕುದುರೆ 60 ಕೆ.ಜಿ. ಹೊತ್ತರೆ 72ರದ್ದು 56 ಹೊರುತ್ತದೆ. ಗೆದ್ದ ಕುದುರೆಯ ರೇಟಿಂಗ್ ಏರಿಸುತ್ತಾರೆ, ಮುಂದಿನ ಸಲ ಭಾರ ಜಾಸ್ತಿ, ಇಲ್ಲವೇ ಮೇಲಿನ ತರಗತಿಯ ಎದುರಾಳಿಗಳು. ಆದ್ದರಿಂದ "ಹೋದ ಸಲ ಗೆದ್ದಿದೆ" ಎಂಬ ಒಂದೇ ಕಾರಣಕ್ಕೆ ಕಟ್ಟಬೇಡಿ. ಮೇಲಿನ ತರಗತಿಯಲ್ಲಿ ನಾಲ್ಕನೆಯದೋ ಐದನೆಯದೋ ಆಗಿ, ರೇಟಿಂಗ್ ಇಳಿದು, ಈಗ ಕೆಳಗಿನ ತರಗತಿಯಲ್ಲಿ ಓಡುತ್ತಿರುವ ಕುದುರೆ ಹೆಚ್ಚು ಕುತೂಹಲದ್ದು. ಅದರ ಡಿವಿಡೆಂಡೂ ಚೆನ್ನಾಗಿರುತ್ತದೆ. ಅಪ್ರೆಂಟಿಸ್ ಜಾಕಿ ಕೂತಿದ್ದರೆ ತೂಕದಲ್ಲಿ ರಿಯಾಯಿತಿ ಉಂಟು. ಸಣ್ಣ ರೇಸಿನಲ್ಲಿ ಅದು ಲಾಭ, ಹನ್ನೆರಡು ಕುದುರೆಗಳ ನೂಕುನುಗ್ಗಲಿನಲ್ಲಿ ಅನುಭವ ಇಲ್ಲದ್ದೇ ನಷ್ಟ.

ಆಮೇಲೆ ದೂರ ಮತ್ತು ಡ್ರಾ. 1200 ಮೀಟರಿನಂಥ ಗಿಡ್ಡ ಓಟದಲ್ಲಿ ಹೊರಗಿನ ಗೇಟಿನಿಂದ ಹೊರಟ ಕುದುರೆ ಒಂದೋ ಮೊದಲ 200 ಮೀಟರಿನಲ್ಲೇ ಶಕ್ತಿ ಸುರಿದು ಒಳಗೆ ನುಗ್ಗಬೇಕು, ಇಲ್ಲವೇ ತಿರುವಿನಲ್ಲಿ ಹೊರಗಿನ ದೊಡ್ಡ ಸುತ್ತು ಹಾಕಬೇಕು. 2000 ಮೀಟರ್ ದಾಟಿದರೆ ಡ್ರಾ ಅಷ್ಟು ಕಾಡುವುದಿಲ್ಲ, ಕೊನೆಯ 400 ಮೀಟರಿಗೆ ಉಸಿರು ಉಳಿಯುತ್ತದೆಯೇ ಎನ್ನುವುದೇ ಪ್ರಶ್ನೆ. ಡರ್ಬಿಗಳಲ್ಲಿ ಬಹಳ ಜನ ಸೋಲುವುದು ಇಲ್ಲಿ: 1600ರಲ್ಲಿ ಬಾಣದಂತೆ ಹೋದ ಕುದುರೆ ಉದ್ದದ ಓಟದಲ್ಲಿ ಗೆರೆಗೆ ಮೊದಲೇ ಬಸವಳಿಯುತ್ತದೆ. ಹಿಂದೆ 1800 ಅಥವಾ ಅದಕ್ಕೂ ಉದ್ದದ ಓಟವನ್ನು ಜೋರಾಗಿಯೇ ಮುಗಿಸಿದೆಯೇ ನೋಡಿ.

ಜೂನ್, ಜುಲೈನಲ್ಲಿ ಟ್ರ್ಯಾಕಿನ ಒದ್ದೆತನ ಮರೆಯಬೇಡಿ. ಪೆನೆಟ್ರೋಮೀಟರ್ ಅಂಕಿ ಪ್ರಕಟಿಸುತ್ತಾರೆ, ಅಂಕಿ ಏರಿದಷ್ಟೂ ನೆಲ ಮೆತ್ತಗೆ. ಒಣ ನೆಲದಲ್ಲಿ ಮುಂದೆ ಮುಂದೆ ಓಡಿ ಗೆದ್ದ ಕುದುರೆ ಕೆಸರಿನಲ್ಲಿ ಕಾಲು ಕಿತ್ತಿಡಲು ಒದ್ದಾಡಬಹುದು. ಕಾರ್ಡಿನಲ್ಲಿ ಲಾಳ ಅಲ್ಯೂಮಿನಿಯಮ್ಮೋ ಸ್ಟೀಲೋ ಎಂಬುದೂ ಇರುತ್ತದೆ. ಹಗುರದ ಅಲ್ಯೂಮಿನಿಯಂಗೆ ಬದಲಾಯಿಸಿದ್ದರೆ ಈ ಸಲ ಗೆಲ್ಲಿಸಲು ತಂದಿದ್ದಾರೆ ಎಂದು ಹಳಬರು ಓದಿಕೊಳ್ಳುತ್ತಾರೆ. ಸುಳಿವು ಹೌದು, ಖಾತ್ರಿ ಅಲ್ಲ.

ಕೊನೆಗೆ ಪ್ಯಾಡಕ್. ಓಟಕ್ಕೆ ಮುಂಚೆ ಕುದುರೆಗಳನ್ನು ನಡೆಸುವಾಗ ಹತ್ತಿರ ನಿಂತು ನೋಡಿ. ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತಿದ್ದರೆ, ಮೈ ಹೊಳೆಯುತ್ತಿದ್ದರೆ, ಕಿವಿ ಮುಂದಕ್ಕಿದ್ದರೆ ಲಕ್ಷಣ ಒಳ್ಳೆಯದು. ಹಿಂದೊಡೆಗಳ ನಡುವೆ ಬೆವರು ಬಿಳಿ ನೊರೆಯಾಗಿ ಇಳಿಯುತ್ತಿದ್ದರೆ, ತಲೆ ಒದರುತ್ತ ಲಗಾಮು ಹಿಡಿದವನನ್ನು ಎಳೆದಾಡುತ್ತಿದ್ದರೆ ಅರ್ಧ ಓಟ ಅಲ್ಲಿಯೇ ಮುಗಿದಿದೆ.

ಪತ್ರಿಕೆಯಲ್ಲಿ "1000 ಮೀ 1-6, 600/38" ಎಂದು ಬರೆದಿರುತ್ತಾರಲ್ಲ, ಹಾಗೆಂದರೆ?
— ಓದುಗರು, ಕೆಂಗೇರಿ

ಬೆಳಗಿನ ತಾಲೀಮಿನ ಸಮಯ. 1000 ಮೀಟರನ್ನು 1 ನಿಮಿಷ 6 ಸೆಕೆಂಡಿನಲ್ಲಿ ಓಡಿದೆ, ಅದರಲ್ಲಿ ಕೊನೆಯ 600 ಮೀಟರಿಗೆ 38 ಸೆಕೆಂಡ್. ಮೇಲೆ "ಇನ್ನರ್ ಸ್ಯಾಂಡ್" ಎಂದಿದೆಯೋ "ಔಟರ್ ಸ್ಯಾಂಡ್" ಎಂದಿದೆಯೋ ಮೊದಲು ನೋಡಿ. ಎರಡು ಬೇರೆ ಬೇರೆ ಟ್ರ್ಯಾಕಿನ ಸಮಯವನ್ನು ಹೋಲಿಸಿದರೆ ದಾರಿ ತಪ್ಪುತ್ತೀರಿ. ಸವಾರ ಜಾಕಿಯೋ, ಅವನಿಗಿಂತ ಭಾರದ ರೈಡಿಂಗ್ ಬಾಯ್‌ಯೋ ಎಂಬುದರ ಮೇಲೂ ಸಮಯ ಬದಲಾಗುತ್ತದೆ. ಬಹಳ ದಿನ ಓಡದ ಕುದುರೆ ಓಟಕ್ಕೆ ಹದವಾಗಿದೆಯೇ ಎಂದು ತಿಳಿಯಲು ಇದು ಉಪಯುಕ್ತ. ವಾರಕ್ಕೊಮ್ಮೆ ಓಡುವಂಥದ್ದಕ್ಕೆ ಅಷ್ಟು ಬೇಕಿಲ್ಲ.

ನನ್ನ ಕುದುರೆ ಎರಡನೆಯದಾಯಿತೆಂದು ವಿನ್ ಟಿಕೆಟ್ ಹರಿದು ಎಸೆದೆ. ಆಮೇಲೆ ಅದೇ ಗೆದ್ದಿತು ಎಂದರು!
— ಓದುಗರು, ಬಸವನಗುಡಿ

ಹೋದದ್ದು ಹೋಯಿತು, ಟಿಕೆಟ್ ಇಲ್ಲದೆ ಪಾವತಿ ಇಲ್ಲ. ಮುಂದೆ ಹೋದ ಕುದುರೆ ಅಡ್ಡ ಬಂದಿತೆಂದು ಜಾಕಿ ಆಬ್ಜೆಕ್ಷನ್ ಹಾಕಬಹುದು, ರೇಸಿನ ತೀರ್ಪುಗಾರರಾದ ಸ್ಟೀವರ್ಡರೇ ವಿಚಾರಣೆ ಮಾಡಬಹುದು, ಸ್ಥಾನ ಅದಲುಬದಲಾಗಬಹುದು. "ಆಲ್ ಕ್ಲಿಯರ್" ಘೋಷಣೆ ಆಗುವವರೆಗೆ ಯಾವ ಟಿಕೆಟನ್ನೂ ಬಿಸಾಡಬೇಡಿ.

ದೊಡ್ಡ ಮೊತ್ತ ಬಂದರೆ ಆದಾಯ ತೆರಿಗೆ ಹೇಗೆ? ನಾನು ಪಿಂಚಣಿದಾರ, ತೆರಿಗೆ ಮಿತಿಯೊಳಗೇ ಇದ್ದೇನೆ.
— ಓದುಗರು, ವಿಜಯನಗರ

ಒಂದೇ ಟಿಕೆಟ್‌ನ ಗೆಲುವು ₹10,000 ದಾಟಿದರೆ ಕೊಡುವಾಗಲೇ 30 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತಾರೆ. ₹24,000 ಗೆದ್ದರೆ ₹7,200 ಅಲ್ಲಿಯೇ ಹೋಯಿತು. ಪ್ಯಾನ್ ಕಾರ್ಡ್ ಜೊತೆಗಿರಲಿ. ಮಿತಿಯೊಳಗಿನ ಆದಾಯ ಎಂಬ ವಿನಾಯಿತಿ ಈ ಹಣಕ್ಕೆ ಅನ್ವಯಿಸುವುದಿಲ್ಲ, 30ರ ಮೇಲೆ ಸೆಸ್ 4 ಪರ್ಸೆಂಟ್ ಬೇರೆ. ಸೋತ ಟಿಕೆಟ್‌ಗಳ ಕಟ್ಟು ತೋರಿಸಿ ಕಳೆಯುವುದಕ್ಕೂ ಅವಕಾಶ ಇಲ್ಲ. ₹10,000ದ ಒಳಗಿನ ಗೆಲುವನ್ನೂ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು.

ವಾಟ್ಸ್ಆ್ಯಪ್‌ನಲ್ಲಿ ಒಬ್ಬರು "ಜಿಎಸ್‌ಟಿ ಇಲ್ಲದೆ ಆಡಿ, ಸ್ಟೇಬಲ್‌ನಿಂದಲೇ ಟಿಪ್ಸ್ ಕೊಡುತ್ತೇವೆ" ಎನ್ನುತ್ತಾರೆ. ನಂಬಬಹುದೇ?
— ಓದುಗರು, ಪೀಣ್ಯ

ಬೇಡ. ಕುದುರೆ ರೇಸ್ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ ನಿಜ. ಆದರೆ ಕರ್ನಾಟಕ ಪೊಲೀಸ್ ಕಾಯ್ದೆಯ ರಿಯಾಯಿತಿ ಇರುವುದು ಕೋರ್ಸಿನ ಆವರಣದಲ್ಲಿ, ಪರವಾನಗಿ ಇರುವವರ ಬಳಿ ಆಡುವ ಬಾಜಿಗೆ. ಫೋನಿನಲ್ಲಿ ಆಡಿ ಗೆದ್ದ ದುಡ್ಡು ಕೊಡದಿದ್ದರೆ ದೂರು ಕೊಡಲು ಹೋದ ನೀವೂ ಆರೋಪಿಯೇ. ಟಿಪ್ಸ್ ವಿಚಾರ: ಎಂಟು ಕುದುರೆಗಳ ರೇಸಿನಲ್ಲಿ ಎಂಟು ಗುಂಪುಗಳಿಗೆ ಒಂದೊಂದು ಕುದುರೆ ಹೇಳಿದರೆ ಒಂದು ಗುಂಪಿಗೆ ಗೆದ್ದ ಕುದುರೆ ಸಿಕ್ಕೇ ಸಿಗುತ್ತದೆ. ಮರುದಿನ ಸ್ಕ್ರೀನ್‌ಶಾಟ್ ಹರಿದಾಡುವುದು ಆ ಗುಂಪಿನದ್ದು. ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ ಅನ್ನಿಸಿಕೊಳ್ಳುವುದೇ ಆದರೆ ನಿಮ್ಮ ಲೆಕ್ಕಕ್ಕೆ ಕಟ್ಟಿ, ಇನ್ನೊಬ್ಬನ ಮಾತಿಗಲ್ಲ.

ಡರ್ಬಿಗೆ ಮನೆಮಂದಿಯೊಂದಿಗೆ ಬರಬಹುದೇ? ಕಾರಿನಲ್ಲೋ, ಮೆಟ್ರೋದಲ್ಲೋ?
— ಓದುಗರು, ಜೆ.ಪಿ. ನಗರ

ಬನ್ನಿ. 18 ತುಂಬದವರು ಬಾಜಿ ಕಟ್ಟುವಂತಿಲ್ಲ, ಮಕ್ಕಳ ಕೈಯಲ್ಲಿ ಟಿಕೆಟ್ ತರಿಸಬೇಡಿ. ಸದಸ್ಯರ ಸ್ಟ್ಯಾಂಡಿಗೆ ಉಡುಪಿನ ನಿಯಮ ಇದೆ, ಚಪ್ಪಲಿ, ಚಡ್ಡಿಯಲ್ಲಿ ಬಿಡುವುದಿಲ್ಲ. ಕಾರು ತಂದರೆ ಆನಂದರಾವ್ ಸರ್ಕಲ್ ಸುತ್ತ ಜಾಗ ಹುಡುಕುವುದರಲ್ಲೇ ಎರಡು ರೇಸ್ ಮುಗಿದಿರುತ್ತದೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಇಳಿದು ಆಟೋ ಹಿಡಿಯಿರಿ, ಕಾಲು ಗಟ್ಟಿ ಇದ್ದರೆ ನಡೆದೂ ಬರಬಹುದು. ಡರ್ಬಿ ಓಟಕ್ಕೆ ಒಂದು ಗಂಟೆ ಮುಂಚೆಯೇ ಟಿಕೆಟ್ ತೆಗೆದುಕೊಂಡುಬಿಡಿ. ಆಮೇಲೆ ಕೌಂಟರ್ ಸಾಲು ಗ್ಯಾಲರಿ ಮೆಟ್ಟಿಲಿನವರೆಗೂ ಬೆಳೆದಿರುತ್ತದೆ.