ಗಲೀಸಿಯಾ ಕರಾವಳಿಯಲ್ಲಿ ಐದು ದಿನ: ಪಟ್ಟಿ ಮಾಡುವ ಮೊದಲು ಇಳಿತದ ಹೊತ್ತು ನೋಡಿ

ಸರ್, ನಿಮ್ಮ ಪ್ರಶ್ನೆ ನೋಡಿದೆ. ಸೆಪ್ಟೆಂಬರ್ ಎರಡನೇ ವಾರ ಮ್ಯಾಡ್ರಿಡ್‌ನಲ್ಲಿ ಆಫೀಸಿನ ಕೆಲಸ ಮುಗಿಸಿ, ಮನೆಯವರು ಮತ್ತು ಅಮ್ಮನ ಜೊತೆ ಐದು ದಿನ ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಕರಾವಳಿ ಸುತ್ತಬೇಕು ಅಂದಿದ್ದೀರಿ. ಹದಿನೆಂಟು ಜಾಗದ ಪಟ್ಟಿ ಹಾಕಿ, ಯಾವುದನ್ನು ಬಿಡಬಹುದು ಅಂತ ಕೇಳಿದ್ದೀರಿ. ಅಮ್ಮನಿಗೆ ಮೊಣಕಾಲು ನೋವು ಅಂತಲೂ ಬರೆದಿದ್ದೀರಿ. ನಾನು ಕೆಲಸದ ಮೇಲೆ ಅಲ್ಲಿನ ಆ ಕೊರುನ್ಯಾ (ಈ ‘ಆ’ ಊರಿನ ಹೆಸರಿನದೇ ಭಾಗ) ನಗರದಲ್ಲಿ ಇದ್ದವನು, ರಜೆಯೆಲ್ಲ ಆ ಕರಾವಳಿಯಲ್ಲೇ ಕ್ಯಾಮೆರಾ ಹಿಡಿದು ಕಳೆದವನು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ಅರ್ಧಕ್ಕರ್ಧ ಬಿಟ್ಟುಬಿಡಿ. ಉಳಿದವನ್ನು ಸಮುದ್ರದ ಇಳಿತ ಯಾವಾಗ, ಬಿಸಿಲು ಯಾವ ಕಡೆಯಿಂದ ಅಂತ ನೋಡಿ ಜೋಡಿಸಿ. ನೀವು ಮ್ಯಾಪ್ ನೋಡಿ ಹತ್ತಿರ ಹತ್ತಿರ ಇರುವುದನ್ನೆಲ್ಲ ಒಂದೇ ದಿನಕ್ಕೆ ತುರುಕಿದ್ದೀರಿ. ಹಾಗೆ ಹೋದರೆ ಎಲ್ಲ ಕಡೆ ಮಧ್ಯಾಹ್ನದ ಚಪ್ಪಟೆ ಬೆಳಕಿನಲ್ಲೇ ಫೋಟೊ ಸಿಗೋದು.

ಮೊದಲು ಹೊತ್ತಿನ ವಿಷಯ. ಸ್ಪೇನಿನ ಗಡಿಯಾರ 1940ರಿಂದ ಜರ್ಮನಿಯ ಸಮಯಕ್ಕೆ ಹೊಂದಿಕೊಂಡಿದೆ. ಗಲೀಸಿಯಾ ಇರುವುದು ಆ ದೇಶದ ಪಶ್ಚಿಮದ ತುದಿಯಲ್ಲಿ. ಹಾಗಾಗಿ ಬೇಸಿಗೆ ಸಮಯದಲ್ಲಿ ಸೂರ್ಯ ನೆತ್ತಿಗೆ ಬರುವುದೇ ಮಧ್ಯಾಹ್ನ ಎರಡೂವರೆಗೆ. ಸೆಪ್ಟೆಂಬರ್ ನಡುವಿನಲ್ಲಿ ಬೆಳಗಾಗುವುದು ಎಂಟೂಕಾಲಿನ ಸುಮಾರಿಗೆ, ಸೂರ್ಯ ಮುಳುಗುವುದು ಎಂಟೂಮುಕ್ಕಾಲರ ಆಸುಪಾಸು. ನಮ್ಮಂಥ ಸೋಮಾರಿ ಫೋಟೊಗ್ರಾಫರ್‌ಗಳಿಗೆ ಹೇಳಿ ಮಾಡಿಸಿದ ಜಾಗ. ತಿಂಡಿ ತಿಂದು ಹೊರಟರೂ ಎಳೆ ಬಿಸಿಲು ಸಿಗುತ್ತದೆ. ಸಂಜೆ ಆರರ ತನಕ ಆರಾಮವಾಗಿ ಇದ್ದು, ಆಮೇಲೆ ಕೆಲಸ ಶುರು ಮಾಡಬಹುದು.

ಇನ್ನು ಇಳಿತ. ಮಂಗಳೂರು, ಉಡುಪಿ ಕಡೆ ಉಬ್ಬರ ಇಳಿತದ ನಡುವೆ ನೀರು ಒಂದು, ಒಂದೂವರೆ ಮೀಟರ್ ಏರಿಳಿಯುತ್ತದೆ, ಅಷ್ಟೆ. ಅದಕ್ಕೇ ನಾವು ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಗಲೀಸಿಯಾದಲ್ಲಿ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು ಅದು ನಾಲ್ಕು ಮೀಟರ್ ಹತ್ತಿರ ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ಹಗಲು ರಾತ್ರಿ ಸಮವಾಗುವ ಹೊತ್ತಿನಲ್ಲಿ ಇನ್ನೂ ಜೋರು. ಬೆಳಿಗ್ಗೆ ನಡೆದುಹೋದ ಮರಳು ಮಧ್ಯಾಹ್ನ ಇರುವುದೇ ಇಲ್ಲ. ಇಳಿತಕ್ಕೆ ಅಲ್ಲಿ ಬಾಹಾಮಾರ್ ಅನ್ನುತ್ತಾರೆ, ಉಬ್ಬರಕ್ಕೆ ಪ್ಲೆಯಾಮಾರ್. ಈ ಎರಡು ಪದ ಗೊತ್ತಿದ್ದರೆ ಬಂದರಿನಲ್ಲಿ ಅಂಟಿಸಿದ ಪಟ್ಟಿಯನ್ನು ನೀವೇ ಓದಬಹುದು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ಇದು ಅತಿ ಮುಖ್ಯವಾಗುವುದು ನಿಮ್ಮ ಪಟ್ಟಿಯ ಮೊದಲ ಹೆಸರಿಗೆ. ರಿಬಾದೇವ್ ಊರಿನ ಹತ್ತಿರದ ಆಸ್ ಕತೆದ್ರಾಯ್ಸ್ ಬೀಚ್. ಸಮುದ್ರ ಕೊರೆದು ಮಾಡಿದ ಕಲ್ಲಿನ ಕಮಾನುಗಳು ಸಾಲಾಗಿ ನಿಂತಿವೆ, ಕೆಲವು 30 ಮೀಟರ್ ದಾಟುತ್ತವೆ. ಉಬ್ಬರದಲ್ಲಿ ಹೋದರೆ ಮೇಲಿಂದ ಒಂದಿಷ್ಟು ಬಂಡೆ ಕಾಣುತ್ತವೆ, ಅಷ್ಟೇ. ಇಳಿತಕ್ಕೆ ಒಂದೂವರೆ ಗಂಟೆ ಮೊದಲೇ ಕೆಳಗಿಳಿಯಿರಿ. ನೀರು ಹಿಂದೆ ಸರಿಯುತ್ತಿರುವಾಗ ಮರಳು ಒದ್ದೆ ಇರುತ್ತದೆ, ಕಮಾನಿನ ಪ್ರತಿಬಿಂಬ ಸಿಗುವುದು ಆಗಲೇ. ನೀರು ತಿರುಗಿತು ಅಂದ ಕೂಡಲೇ ಮೆಟ್ಟಿಲಿನ ಕಡೆ ಬನ್ನಿ, ಮೂಲೆಯ ಗುಹೆಗಳಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ. ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಇಳಿಯಲು ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ತೆಗೆದುಕೊಳ್ಳಬೇಕು. ದುಡ್ಡಿಲ್ಲ, ಆದರೆ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ನಿಮ್ಮ ಐದು ದಿನಗಳಲ್ಲಿ ಇಳಿತ ಬೆಳಿಗ್ಗೆಯೋ ಸಂಜೆಯೋ ಬೀಳುವ ದಿನ ಇದ್ದರೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಆ ಕೊರುನ್ಯಾದಿಂದ ಒಂದೂವರೆ ಗಂಟೆಗೂ ಜಾಸ್ತಿ ದಾರಿ. ಸುಮ್ನೆ ಹೋಗಿ ಬೇಜಾರು ಮಾಡಿಕೊಳ್ಳೋದು ಬೇಡ.

ಉಳಿಯಲು ಎರಡು ರಾತ್ರಿ ಆ ಕೊರುನ್ಯಾ, ಎರಡು ರಾತ್ರಿ ಮುಶೀಯಾ ಅಥವಾ ಫಿಸ್ತೆರಾ. ಮ್ಯಾಡ್ರಿಡ್‌ನಿಂದ ಆ ಕೊರುನ್ಯಾಗೆ ರೈಲಿದೆ, ವಿಮಾನ ಬೇಕಾಗಿಲ್ಲ. ಕಾರು ಅಲ್ಲಿಗೆ ಬಂದ ಮೇಲೆ ತೆಗೆದುಕೊಳ್ಳಿ. ಬಾಡಿಗೆ ಕಾರು ಸಾಮಾನ್ಯವಾಗಿ ಗೇರಿನದ್ದೇ ಕೊಡುತ್ತಾರೆ. ಆಟೊಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ.

ಆ ಕೊರುನ್ಯಾದಲ್ಲಿ ಬಿಡಲೇಬಾರದ್ದು ಹರ್ಕ್ಯುಲಿಸ್ ಗೋಪುರ. ರೋಮನ್ನರ ಕಾಲದ ದೀಪಸ್ತಂಭ, ಇವತ್ತಿಗೂ ರಾತ್ರಿ ದೀಪ ಉರಿಯುತ್ತದೆ. ಅದೇ ಅದರ ದೊಡ್ಡತನ. ಹೊರಗಿನ ಗೋಡೆ ನೋಡಿ, ಇದೇನು ಅಷ್ಟು ಹಳೇದಾ ಅನ್ನಿಸುತ್ತದೆ. ಅದು 18ನೇ ಶತಮಾನದ ಕೊನೆಯಲ್ಲಿ ಎವುಸ್ತಾಕಿಯೊ ಜಿಯಾನ್ನೀನಿ ಅನ್ನುವ ಎಂಜಿನಿಯರ್ ಹೊದಿಸಿದ ಕಲ್ಲಿನ ಹೊದಿಕೆ. ಒಳಗಿರುವ ಕಟ್ಟಡ ರೋಮನ್ನರದ್ದು. ಗೋಡೆಯ ಮೇಲೆ ಓರೆಯಾಗಿ ಸುತ್ತಿಕೊಂಡು ಹೋಗುವ ಪಟ್ಟಿ ಇದೆಯಲ್ಲ, ಹಿಂದೆ ಹೊರಗಡೆ ಇದ್ದ ಏರುದಾರಿಯ ಗುರುತು ಅದು. ಕಟ್ಟಿದವನ ಹೆಸರೂ ಉಳಿದಿದೆ. ಗೋಪುರದ ಬುಡದ ಶಾಸನದಲ್ಲಿ ಗಾಯಸ್ ಸೇವಿಯಸ್ ಲೂಪಸ್ ಅಂತ ಇದೆ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಎತ್ತರ ಸುಮಾರು 55 ಮೀಟರ್, ಮೆಟ್ಟಿಲು 234. ಅಮ್ಮನನ್ನು ಹತ್ತಿಸಬೇಡಿ. ನಿಜ ಹೇಳಬೇಕೆಂದರೆ ನೀವೂ ಹತ್ತದಿದ್ದರೆ ನಷ್ಟವಿಲ್ಲ. ಗೋಪುರದ ಫೋಟೊ ಗೋಪುರದ ಮೇಲಿಂದ ಸಿಗಲ್ಲ ಅಲ್ವಾ? ಸುತ್ತಲಿನ ಹುಲ್ಲುಗಾವಲಿನ ಪಶ್ಚಿಮದ ಬದಿಗೆ ಸಂಜೆ ಹೋಗಿ. ಬಿಸಿಲು ನೇರ ಕಲ್ಲಿನ ಮೇಲೆ ಬೀಳುತ್ತದೆ. ಬಂದರಿನ ಎದುರಿನ ಗಾಜಿನ ಬಾಲ್ಕನಿಗಳ ಸಾಲಿಗೆ ಮಾತ್ರ ಬೆಳಿಗ್ಗೆಯೇ ಹೋಗಬೇಕು.

ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಕೋಸ್ತಾ ದಾ ಮೋರ್ತೆ. ಸಾವಿನ ಕರಾವಳಿ ಅಂತ ಅರ್ಥ. ಹಡಗು ಒಡೆದ ಲೆಕ್ಕ ಜಾಸ್ತಿ, ಅದಕ್ಕೆ ಆ ಹೆಸರು. ನನ್ನ ಮಟ್ಟಿಗೆ ಇಡೀ ಟ್ರಿಪ್ಪಿನ ಜೀವಾಳ ಕಾಬೊ ವಿಲಾನ್ ಅನ್ನುವ ಭೂಶಿರ. ನಿಮ್ಮ ಪಟ್ಟಿಯಲ್ಲಿ ಅದು ಹದಿನಾರನೆಯದು, ಅದನ್ನು ಮೇಲಕ್ಕೆ ತನ್ನಿ. 1890ರ ನವೆಂಬರ್ 10ರ ರಾತ್ರಿ ಸರ್ಪೆಂಟ್ ಅನ್ನುವ ಬ್ರಿಟಿಷ್ ನೌಕಾಪಡೆಯ ಹಡಗು ಇಲ್ಲೇ ಹತ್ತಿರ ಬಂಡೆಗೆ ಬಡಿಯಿತು. 172 ಜನ ಸತ್ತರು, ಬದುಕಿದವರು ಮೂರೇ ಮಂದಿ. ಹೆಣಗಳನ್ನು ಹೆಕ್ಕಿ ಹೂತವರು ಹತ್ತಿರದ ಹಳ್ಳಿಯವರು. ಅದಕ್ಕೆ ಕೃತಜ್ಞತೆಯಾಗಿ ಬ್ರಿಟಿಷರು ಪಾದ್ರಿಗೆ ಒಂದು ಕೋವಿ, ಮೇಯರ್‌ಗೆ ಚಿನ್ನದ ಗಡಿಯಾರ, ಕಮರೀನ್ಯಾಸ್ ಊರಿಗೆ ವಾಯುಭಾರ ಮಾಪಕ ಕೊಟ್ಟರು. ಪಾದ್ರಿಗೆ ಕೋವಿ ಯಾಕೆ ಅಂತ ನನಗೆ ಇವತ್ತಿಗೂ ನಗು ಬರುತ್ತದೆ. ಬಿರುಗಾಳಿಯ ಮುನ್ಸೂಚನೆ ಕೊಡುವ ಮಾಪಕ ಮಾತ್ರ ಮೀನುಗಾರರ ಊರಿಗೆ ತಕ್ಕ ಉಡುಗೊರೆ. ಆ ದುರಂತದ ನಂತರ 1896ರಲ್ಲಿ ವಿಲಾನ್‌ನಲ್ಲಿ ಹೊಸ ಲೈಟ್‌ಹೌಸ್ ಬಂತು. ಸ್ಪೇನಿನಲ್ಲಿ ವಿದ್ಯುತ್ತಿನಿಂದ ಉರಿದ ಮೊದಲನೇ ಲೈಟ್‌ಹೌಸ್ ಅದು. ಚೂಪು ಬಂಡೆಯ ತುದಿಯಲ್ಲಿ ಎಂಟು ಮೂಲೆಯ ಗೋಪುರ, ಕೆಳಗೆ ಕಾವಲುಗಾರರ ಮನೆ, ಎರಡನ್ನೂ ಸೇರಿಸುವ ಮುಚ್ಚಿದ ದಾರಿ. ಕಾರು ಹತ್ತಿರದವರೆಗೂ ಹೋಗುತ್ತದೆ, ಅಮ್ಮ ಕಾರಿನಲ್ಲೇ ಕುಳಿತು ನೋಡಬಹುದು.

ಮಡಿದ ನಾವಿಕರ ಸ್ಮಶಾನಕ್ಕೆ ಇಂಗ್ಲಿಷರ ಸ್ಮಶಾನ ಅಂತಲೇ ಹೆಸರು. ವಿಲಾನ್‌ನಿಂದ ಉತ್ತರಕ್ಕೆ ಕರಾವಳಿಗುಂಟ ಮಣ್ಣಿನ ದಾರಿ. ಗುಂಡಿ ಇದೆ, ನಿಧಾನ ಹೋಗಿ. ಅಲ್ಲಿ ಇರುವುದು ಒಂದು ಮೋಟು ಗೋಡೆ, ಸುತ್ತ ಏನೂ ಇಲ್ಲ. ವೈಡ್ ಲೆನ್ಸ್ ಹಾಕಿ ಆಕಾಶ, ಸಮುದ್ರಕ್ಕೇ ಜಾಸ್ತಿ ಜಾಗ ಬಿಡಿ. ಮೋಡ ಇದ್ದರೆ ಬೇಜಾರು ಬೇಡ, ಆ ಜಾಗಕ್ಕೆ ಮೋಡವೇ ಚೆನ್ನ.

ಕಮರೀನ್ಯಾಸ್‌ನ ಎದುರು ದಡದಲ್ಲೇ ಮುಶೀಯಾ ಕಾಣುತ್ತದೆ, ಆದರೆ ರಸ್ತೆ ಹಿನ್ನೀರಿನ ಸುತ್ತ ಹೋಗಿಬರಬೇಕು. ತುದಿಯಲ್ಲಿ, ಅಲೆಯ ಬುಡದಲ್ಲೇ ವಿರ್ಶೆ ದಾ ಬಾರ್ಕಾ ಇಗರ್ಜಿ. ದೋಣಿಯ ಮಾತೆ ಅನ್ನಬಹುದು. ಕಲ್ಲಿನ ದೋಣಿಯಲ್ಲಿ ಮರಿಯಮ್ಮ ಇಲ್ಲಿಗೆ ಬಂದಳು ಅನ್ನುವುದು ಊರಿನವರ ನಂಬಿಕೆ. ಎದುರಿಗಿರುವ ಬಂಡೆಗಳನ್ನೇ ಆ ದೋಣಿಯ ಭಾಗಗಳು ಅಂತ ತೋರಿಸುತ್ತಾರೆ. ಒಂದು ಬಂಡೆಯ ಅಡಿಯಲ್ಲಿ ಒಂಬತ್ತು ಸಲ ನುಸುಳಿದರೆ ಬೆನ್ನುನೋವು ಹೋಗುತ್ತದಂತೆ. ಅಮ್ಮನಿಗೆ ಇದನ್ನು ಹೇಳಬೇಡಿ, ಬಗ್ಗಲು ಹೊರಟಾರು! 2013ರ ಕ್ರಿಸ್‌ಮಸ್ ದಿನ ಸಿಡಿಲು ಬಡಿದು ಇಗರ್ಜಿಯ ಒಳಗೆಲ್ಲ ಸುಟ್ಟುಹೋಗಿತ್ತು, ಮತ್ತೆ ಕಟ್ಟಿದರು. ಮೇಲಿನ ಗುಡ್ಡದಲ್ಲಿ ಸೀಳಿದ ದೊಡ್ಡ ಕಲ್ಲಿನ ಶಿಲ್ಪ ಇದೆ, ಹೆಸರು ಆ ಫೆರೀದಾ, ಅಂದರೆ ಗಾಯ. 2002ರ ನವೆಂಬರ್‌ನಲ್ಲಿ ಪ್ರೆಸ್ಟೀಜ್ ಎಂಬ ತೈಲದ ಹಡಗು ಒಡೆದು ಈ ದಡಕ್ಕೆಲ್ಲ ಕಪ್ಪು ಎಣ್ಣೆ ಬಳಿದಿತ್ತು. ಎಲ್ಲೆಲ್ಲಿಂದಲೋ ಬಂದ ಜನ ಕೈಯಾರೆ ಅದನ್ನು ಬಾಚಿದರು. ಶಿಲ್ಪ ಅದರ ನೆನಪಿಗೆ. ಸಂಜೆ ಆ ಸೀಳಿನ ನಡುವೆ ಸಮುದ್ರ ಹಿಡಿಯಿರಿ. ಸೆಪ್ಟೆಂಬರ್ 8 ಕಳೆದ ಮೇಲಿನ ಭಾನುವಾರ ಇಲ್ಲಿ ದೊಡ್ಡ ಜಾತ್ರೆ. ನಿಮ್ಮ ದಿನಾಂಕಕ್ಕೆ ಬಿದ್ದರೆ ರೂಮು ಈಗಲೇ ಹಿಡಿಯಿರಿ, ಇಲ್ಲದಿದ್ದರೆ ಆ ವಾರಾಂತ್ಯ ಈ ಕಡೆ ಬರಲೇಬೇಡಿ.

ಫಿಸ್ತೆರಾ ಬಗ್ಗೆ ನಾನು ಅಷ್ಟು ಉತ್ಸಾಹ ತೋರಿಸಲ್ಲ. ಭೂಮಿಯ ಕೊನೆ ಅಂತ ಹೆಸರು, ಕ್ರೈಸ್ತರ ಯಾತ್ರಾಸ್ಥಳ ಸಾಂತಿಯಾಗೊದಿಂದ ನಡೆದು ಬರುವ ಯಾತ್ರಿಗಳ ಸೊನ್ನೆ ಕಿಲೋಮೀಟರ್ ಕಲ್ಲು, 1853ರ ಲೈಟ್‌ಹೌಸ್, ಪಾರ್ಕಿಂಗ್ ತುಂಬ ಬಸ್ಸು. ಸ್ಪೇನಿನ ಮುಖ್ಯಭೂಮಿಯ ಪಶ್ಚಿಮದ ತುದಿ ನಿಜವಾಗಿ ಇದಲ್ಲ, ಸ್ವಲ್ಪ ಉತ್ತರಕ್ಕಿರುವ ತೊರಿನ್ಯಾನ್. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ ಯುರೋಪಿನ ಮುಖ್ಯಭೂಮಿಯಲ್ಲಿ ಸೂರ್ಯ ಕೊನೆಗೆ ಮುಳುಗುವುದು ಅಲ್ಲೇ. ಜನ ಕಮ್ಮಿ. ಸೂರ್ಯಾಸ್ತಕ್ಕೆ ತೊರಿನ್ಯಾನ್‌ಗೆ ಹೋಗಿ, ಫಿಸ್ತೆರಾವನ್ನು ಬೆಳಿಗ್ಗೆ ಬಸ್ಸು ಬರುವ ಮೊದಲು ಮುಗಿಸಿ.

ಎಸಾರೊ ಜಲಪಾತ ಅಮ್ಮನಿಗೆ ಸರಿಯಾದ ಜಾಗ. ಶಾಲ್ಯಾಸ್ ನದಿ ಬಂಡೆಯಿಂದ ಧುಮುಕಿ ನೇರ ಸಮುದ್ರದ ನೀರಿಗೇ ಸೇರುತ್ತದೆ. ಬುಡದ ತನಕ ಮರದ ಹಲಗೆಯ ಸಮತಟ್ಟು ದಾರಿ ಇದೆ. ಮೇಲೆ ಅಣೆಕಟ್ಟು ಇರುವುದರಿಂದ ಜೋಗದ ಮಳೆಗಾಲ ನಿರೀಕ್ಷಿಸಬೇಡಿ, ಸೆಪ್ಟೆಂಬರ್‌ನಲ್ಲಿ ನೀರು ಸಣ್ಣಗಿರಬಹುದು. ಮೇಲಿನ ವ್ಯೂಪಾಯಿಂಟ್‌ಗೆ ಹೋಗುವ ರಸ್ತೆ ಭಯಂಕರ ಏರು. 2012ರಲ್ಲಿ ಸ್ಪೇನಿನ ದೊಡ್ಡ ಸೈಕಲ್ ರೇಸ್ ವುವೆಲ್ತಾದ ಒಂದು ಹಂತ ಇಲ್ಲೇ ಮುಗಿದಿತ್ತು. ಫಸ್ಟ್ ಗೇರ್‌ನಲ್ಲೇ ಹತ್ತಿ. ಅಲ್ಲಿಂದ ದಕ್ಷಿಣಕ್ಕೆ ಕರ್ನೋತಾದಲ್ಲಿ 18ನೇ ಶತಮಾನದ ಕಲ್ಲಿನ ಕಣಜ ಇದೆ, ಸುಮಾರು 35 ಮೀಟರ್ ಉದ್ದ, ಇಲಿ ಹತ್ತದ ಹಾಗೆ ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ದಾರಿಯಲ್ಲೇ ಸಿಗುತ್ತದೆ, ಇಪ್ಪತ್ತು ನಿಮಿಷ ಸಾಕು.

ಬರೋನ್ಯಾದ ಕಬ್ಬಿಣಯುಗದ ಕೋಟೆ ಊರು ಸೊಗಸು. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ದುಂಡು ದುಂಡು ಮನೆಗಳ ಕಲ್ಲಿನ ತಳಪಾಯ. ಆದರೆ ಕಾಡುದಾರಿಯಲ್ಲಿ ಇಳಿದು ಕಲ್ಲು ಹತ್ತಬೇಕು, ನೀವೊಬ್ಬರೇ ಹೋಗಿ. ಒಂದು ಎಚ್ಚರಿಕೆ: ಪಕ್ಕದ ಬೀಚಿನಲ್ಲಿ ಬಟ್ಟೆ ಇಲ್ಲದೆ ಬಿಸಿಲು ಕಾಯಿಸುವವರು ಇರುತ್ತಾರೆ. ಟೆಲಿ ಲೆನ್ಸ್ ಆ ಕಡೆ ತಿರುಗಿಸಬೇಡಿ, ಜಗಳ ಆದೀತು.

ಉತ್ತರದ ಎರ್ಬೆಯ್ರಾ ಕಡಿದಾದ ದಂಡೆ 600 ಮೀಟರ್‌ಗೂ ಎತ್ತರ, ತಡೆಬೇಲಿಯನ್ನು ನಂಬಿ ಹೋಗುವ ಜಾಗ ಅಲ್ಲ. ಮಂಜು ಕವಿದಿದ್ದರೆ ವಾಪಸ್ ಬನ್ನಿ, ಏನೂ ಕಾಣಲ್ಲ. ಕೆಳಗಿನ ಸಾನ್ ಅಂದ್ರೆಸ್ ದೆ ತೆಯ್ಶೀದೊ ಅನ್ನುವ ಯಾತ್ರಾಸ್ಥಳಕ್ಕೆ ಬದುಕಿದ್ದಾಗ ಹೋಗದವನು ಸತ್ತ ಮೇಲೆ ಹೋಗಬೇಕು ಅನ್ನುತ್ತಾರೆ, ಹಲ್ಲಿಯೋ ಕಪ್ಪೆಯೋ ಆಗಿ. ಹಾಗಾಗಿ ಆ ದಾರಿಯಲ್ಲಿ ಹುಳುಹುಪ್ಪಟೆಯನ್ನೂ ತುಳಿಯಬಾರದು. ಆಸ್ ಕತೆದ್ರಾಯ್ಸ್‌ಗೆ ಹೋಗುವ ದಿನ ಸಮಯ ಉಳಿದರೆ ಮಾತ್ರ ಇದು.

ಸಾಮಾನಿನ ವಿಷಯ: ಲೆನ್ಸ್ ಒರೆಸುವ ಬಟ್ಟೆ ನಾಲ್ಕೈದು ಇರಲಿ, ಉಪ್ಪುನೀರಿನ ಹನಿ ಬಿಡದೆ ಬರುತ್ತದೆ. ಟ್ರೈಪಾಡ್‌ಗೆ ಬ್ಯಾಗ್ ತೂಗುಹಾಕಿ, ಇಲ್ಲದಿದ್ದರೆ ಗಾಳಿಗೆ ಬೀಳುತ್ತದೆ. ಕಪ್ಪಗೆ ಒದ್ದೆಯಾಗಿರುವ ಬಂಡೆ ಕಂಡರೆ ಅಲೆ ಅಲ್ಲಿಯ ತನಕ ಬಂದಿದೆ ಅಂತ ಅರ್ಥ. ಅದರ ಮೇಲೆ ನಿಲ್ಲಬೇಡಿ. ಪೆರ್ಸೆಬೆಸ್ ಅನ್ನುವ ದುಬಾರಿ ಕಡಲಜೀವಿ ಕೀಳಲು ಹಗ್ಗ ಕಟ್ಟಿಕೊಂಡು ಇಳಿಯುವ ಊರಿನವರೇ ಅಲ್ಲಿ ಪ್ರಾಣ ಕಳೆದುಕೊಳ್ಳುತ್ತಾರೆ, ನಾವು ಯಾವ ಲೆಕ್ಕ. ಡ್ರೋನ್ ಮನೆಯಲ್ಲೇ ಬಿಡಿ, ನೋಂದಣಿ, ಅನುಮತಿ ಅಂತ ಐದು ದಿನಕ್ಕೆ ಆ ತಲೆನೋವು ಬೇಡ.

ಅಮ್ಮ ಸಸ್ಯಾಹಾರಿ ಆದರೆ ಊಟ ಸ್ವಲ್ಪ ಕಷ್ಟ. ಸೊಪ್ಪಿನ ಸೂಪ್ ಅಂತ ಕೊಡುವ ಕಾಲ್ದೊ ಗಲೇಗೊದಲ್ಲಿ ಹಂದಿ ಮಾಂಸ ಇರುತ್ತದೆ, ಕೇಳಿ ನೋಡಿ. ಪಾದ್ರೋನ್ ಮೆಣಸಿನಕಾಯಿ ಹುರಿದು ಉಪ್ಪು ಉದುರಿಸಿ ಕೊಡುತ್ತಾರೆ, ಕೆಲವು ಮಾತ್ರ ಖಾರ. ಅದು, ಬ್ರೆಡ್ಡು, ಚೀಸು, ಟೊಮೆಟೊ ಸಲಾಡ್ ಎಲ್ಲ ಕಡೆ ಸಿಗುತ್ತದೆ. ರಾತ್ರಿ ಊಟ ಒಂಬತ್ತಕ್ಕೆ ಮೊದಲು ಕೇಳಿದರೆ ಅಡುಗೆಮನೆ ತೆರೆದಿರಲ್ಲ, ಅವಲಕ್ಕಿ ಚಟ್ನಿಪುಡಿ ಜೊತೆಗಿರಲಿ.

ಹೊರಡುವ ದಿನಾಂಕ ಗಟ್ಟಿಯಾದ ಮೇಲೆ ಇಲ್ಲೇ ಹಾಕಿ. ಆ ದಿನಗಳ ಇಳಿತದ ಹೊತ್ತು ನೋಡಿ, ಆಸ್ ಕತೆದ್ರಾಯ್ಸ್ ಇಟ್ಟುಕೊಳ್ಳಬೇಕಾ ಬಿಡಬೇಕಾ ಅಂತ ಹೇಳ್ತೀನಿ.